ದೇವರ ಬಲಗಡೆ

ಶ್ರೀದೇವಿ ತಪ್ಪು ಜಾಗದಲ್ಲಿ ನಿಂತಿದ್ದಾಳೆಂಬುದು ಚನ್ನಬಸಪ್ಪನಿಗೆ ಕಂಡದ್ದು ಬೆಳಿಗ್ಗೆ ಹತ್ತೂಕಾಲಿಗೆ, ಕಂಡ ಕೂಡಲೇ ಅವನಿಗಾದದ್ದು ಸಂತೋಷ. ಇಪ್ಪತ್ತೆರಡು ವರ್ಷ ಇದೇ ಮ್ಯೂಸಿಯಮ್ಮಿನ ಇದೇ ಮಹಡಿಯಲ್ಲಿ ಕಂಚಿನ ದೇವರುಗಳನ್ನು ಜನರಿಗೆ ತೋರಿಸುತ್ತ ಬಂದ ಗೈಡ್ ಲೆಕ್ಚರರ್‌ಗೆ ಮೊದಲು ಗಾಬರಿಯಾಗಬೇಕಿತ್ತು, ಆಮೇಲೆ ಬೇಕಾದರೆ ಬೇಸರವಾಗಬಹುದಿತ್ತು. ಎರಡೂ ಆಗಲಿಲ್ಲ. ಮೂರು ತಿಂಗಳಿಂದ ಉರಿಯುತ್ತಿದ್ದ ಹೊಟ್ಟೆಯೊಳಗೆ ಯಾರೋ ಒಂದು ತಂಬಿಗೆ ನೀರು ಸುರಿದಂತೆ ತಣ್ಣಗಾಯಿತು. ಹಾಲಿನಲ್ಲಿ ಇನ್ನೂ ಹೊಸ ಬಣ್ಣದ ವಾಸನೆ. ಹಳೆಯ ಮರದ ಪೀಠಗಳನ್ನು ಕಿತ್ತು ಕರಿಕಲ್ಲಿನ ಪೀಠಗಳನ್ನು ಕೂರಿಸಿದ್ದರು, ಮೂವತ್ತೊಂದು ವಿಗ್ರಹಗಳನ್ನು ಹೊಸದಾಗಿ ಹೊಂದಿಸಿದ್ದರು. ಕೊನೆಯ ಗೋಡೆಯ ನಡುವೆ ನಾಲ್ಕು ಕೈಯ ವಿಷ್ಣು, ಅವನ ಎರಡು ಪಕ್ಕದಲ್ಲಿ ಇಬ್ಬರು ಹೆಂಡಿರು. ಎದೆಗೆ ಪಟ್ಟಿ ಕಟ್ಟಿಕೊಂಡವಳು ಶ್ರೀದೇವಿ, ಅವಳು ದೇವರ ಬಲಕ್ಕೆ ನಿಲ್ಲಬೇಕು. ಪಟ್ಟಿಯಿಲ್ಲದವಳು ಭೂದೇವಿ, ಅವಳದು ಎಡ. ಒಬ್ಬಳು ಎಡಗೈಯಲ್ಲಿ, ಇನ್ನೊಬ್ಬಳು ಬಲಗೈಯಲ್ಲಿ ಹೂ ಹಿಡಿಯುವುದು ಸುಮ್ಮನೆ ಅಲ್ಲ. ಹಾಗೆ ಹಿಡಿದರೇ ಹೂವಿನ ಕೈಗಳೆರಡೂ ಗಂಡನ ಕಡೆಗೆ ಬರುತ್ತವೆ, ಇಳಿಬಿಟ್ಟ ಕೈಗಳೆರಡೂ ಹೊರಗೆ ಉಳಿಯುತ್ತವೆ. ಈಗ ಎಲ್ಲವೂ ಅದಲುಬದಲು. ಸವತಿಯರಿಬ್ಬರೂ ಗಂಡನ ಮೇಲೆ ಮುನಿಸಿಕೊಂಡು ಹೂವನ್ನು ಬೀದಿಯ ಕಡೆಗೆ ಚಾಚಿ ನಿಂತಂತಿತ್ತು. ಚನ್ನಬಸಪ್ಪ ಒಮ್ಮೆ ಹಿಂದೆ ತಿರುಗಿ ನೋಡಿದ, ಯಾರಾದರೂ ತನ್ನ ಮುಖ ಕಂಡರೋ ಎಂದು. ಹಾಲಿನಲ್ಲಿ ನೆಲ ಒರೆಸುವವಳೊಬ್ಬಳು ಬಿಟ್ಟರೆ ಯಾರೂ ಇರಲಿಲ್ಲ.

ಹೊಂದಿಸಿದವನು ಪ್ರಾಣೇಶ, ಮೂರು ತಿಂಗಳ ಕೆಳಗೆ ಆ ಕೆಲಸ ಅವನ ಪಾಲಿಗೆ ಬಂದಿತ್ತು. ಏಳು ವರ್ಷದ ಕೆಳಗೆ ರಾಯಚೂರಿನಿಂದ ಬಂದು ಕೆಲಸಕ್ಕೆ ಸೇರಿದಾಗ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ ಅವನಿಗೆ. ಮೊದಲ ದಿನವೇ ಚನ್ನಬಸಪ್ಪ ಅವನನ್ನು ಇದೇ ವಿಷ್ಣುವಿನ ಮುಂದೆ ನಿಲ್ಲಿಸಿ, ಹುಡುಗ "ಎಡಗಡೆ ನಿಂತಾಕಿ" ಎಂದು ಬಾಯಿಬಿಟ್ಟ ತಕ್ಷಣ ತಡೆದಿದ್ದ. "ಯಾರ ಎಡಾ? ಇಲ್ಲಿ ಬಂದಮ್ಯಾಲ ನಿನಗ ಎಡಾ ಬಲಾ ಇಲ್ಲ ತಮ್ಮಾ. ಇರೂದು ದೇವರ ಎಡಾ, ದೇವರ ಬಲಾ. ನೋಡಾವರದಲ್ಲ." ಹುಡುಗ ಅದನ್ನು ಚೀಟಿಯಲ್ಲಿ ಬರೆದುಕೊಂಡಿದ್ದ. ಅಂಥದನ್ನು ಬರೆದುಕೊಂಡವನೇ ಈಗ ವಿಗ್ರಹ ಇಡುವ ನಕ್ಷೆಯನ್ನು ನೋಡುವವರ ಕಡೆಯಿಂದ ಓದಿಬಿಟ್ಟಿದ್ದಾನೆ. ಇಂದು ಭಾನುವಾರ, ನಾಲ್ಕು ಗಂಟೆಗೆ ಹೊಸ ಹಾಲಿನ ಉದ್ಘಾಟನೆ, ಉದ್ಘಾಟನೆಯಲ್ಲಿ ಮಾತು ಪ್ರಾಣೇಶನದು. ಇಪ್ಪತ್ತೆರಡು ವರ್ಷದಿಂದ ಭಾನುವಾರ ಸಂಜೆಯ ಮಾತು ಚನ್ನಬಸಪ್ಪನದಾಗಿತ್ತು. ಜ್ವರವಿದ್ದಾಗಲೂ ತಪ್ಪಿಸಿದವನಲ್ಲ. ಡೈರೆಕ್ಟರ್ ರಾಮಕೃಷ್ಣ ಹೋದ ವಾರ ಅವನನ್ನು ಕರೆದು, ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತ, "ಈ ಒಕ್ಕ ರೋಜೇ ಚನ್ನಬಸಪ್ಪಗಾರೂ" ಎಂದಿದ್ದರು, ಒಂದೇ ಒಂದು ದಿನ, ಹಾಲು ಹೊಂದಿಸಿದವನೇ ಮಾತಾಡಲಿ ಎಂದು. ಒಂದೇ ದಿನ ಎಂದು ಮೂರು ಸಲ ಹೇಳಿದರೆ ಅದು ಒಂದೇ ದಿನವಲ್ಲ ಎಂದು ತಿಳಿಯಲು ಪಂಡಿತನಾಗಬೇಕಿಲ್ಲ. ಇಂದು ಆ ಮಾತು ಗೆದ್ದರೆ ಭಾನುವಾರಗಳೆಲ್ಲ ಪ್ರಾಣೇಶನವು. ಆಮೇಲೆ ಚನ್ನಬಸಪ್ಪನಿಗೆ ಉಳಿಯುವುದು ಶಾಲೆಯ ಮಕ್ಕಳು, ಅವರ ಗದ್ದಲ, ಅವರ ಸುರಿಯುವ ಮೂಗು.

ಬೆಳಿಗ್ಗೆ ತಾರ್ನಾಕದ ಮನೆಯಲ್ಲಿ ಸ್ನಾನ ಮುಗಿಸಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕೂತಾಗಲೂ ಮನಸ್ಸು ನಿಂತಿರಲಿಲ್ಲ. ಕುಷ್ಟಗಿ ಕಡೆಯ ಲಿಂಗವಂತರ ಮನೆಯವನು ಅವನು, ಅಂಗೈಯಗಲದ ಕರಿಯ ದೇವರಿಗೆ ಮುಖವಿಲ್ಲ, ಕೈಯಿಲ್ಲ, ಹೆಂಡಿರಿಲ್ಲ, ಎಡಬಲವಿಲ್ಲ. ಅಂಗಿಯೊಳಗೆ ಅಂಥ ದೇವರನ್ನು ಕಟ್ಟಿಕೊಂಡು ಹೊರಗೆ ನಾಲ್ಕು ಕೈ ಎಂಟು ಕೈಗಳ ಅರ್ಥ ಹೇಳಿ ಸಂಬಳ ತೆಗೆದುಕೊಳ್ಳುವವನು ನೀನು ಎಂದು ಅವನ ಅಪ್ಪ ಸಾಯುವ ತನಕ ಹಂಗಿಸಿದ್ದ. ಅವನು ಕಲಿತದ್ದೆಲ್ಲ ಓದಿ ಕಲಿತದ್ದು. ಅಬಿಡ್ಸಿನ ಫುಟ್‌ಪಾತಿನಲ್ಲಿ ಭಾನುವಾರ ಹರವುವ ಹಳೆಯ ಪುಸ್ತಕಗಳಲ್ಲಿ ಶಿಲ್ಪದ ಪುಸ್ತಕ ಹುಡುಕಿ, ರಟ್ಟು ಕಿತ್ತು ಹೋದದ್ದನ್ನು ಚೌಕಾಸಿ ಮಾಡಿ ಕೊಂಡು, ಗೊತ್ತಿಲ್ಲದ ಸಂಸ್ಕೃತವನ್ನು ಅಕ್ಷರ ಅಕ್ಷರ ಕೂಡಿಸಿ. ಅಭಯದ ಕೈ ಯಾವುದು, ವರದ ಕೈ ಯಾವುದು, ಹೂ ಹಿಡಿಯಲು ಮಡಿಸಿದ ಬೆರಳಿಗೆ ಏನೆನ್ನುತ್ತಾರೆ, ಗೋವಿನ ಬಾಲದಂತೆ ತೂಗುವ ಕೈಗೆ ಏನೆನ್ನುತ್ತಾರೆ, ಎಲ್ಲವನ್ನೂ ಕನ್ನಡಿಯ ಮುಂದೆ ನಿಂತು ತನ್ನ ಒಕ್ಕಲು ಕೈಯಲ್ಲಿ ಮಾಡಿ ಮಾಡಿ ಅಭ್ಯಾಸ ಮಾಡಿದ್ದ. ಪ್ರಾಣೇಶನಿಗೆ ಇದಾವುದರ ಗೋಳಿರಲಿಲ್ಲ. ಅವನ ಅಜ್ಜ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಹೇಳಿಕೊಳ್ಳುತ್ತಿದ್ದ ಶ್ಲೋಕದಲ್ಲೇ ವಿಷ್ಣುವಿನ ನಾಲ್ಕು ಕೈಯೂ ಇದ್ದವು. ಹಾಲಿನಲ್ಲಿ ನಿಂತು ಅವನು ಕಣ್ಣು ಮುಚ್ಚಿ ಎರಡು ಸಾಲು ಅಂದರೆ ಸಾಕು, ಪ್ರವಾಸಕ್ಕೆ ಬಂದ ಮಾರವಾಡಿ ಹೆಂಗಸರೂ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು. ಚನ್ನಬಸಪ್ಪ ಮಾತಾಡಿದಾಗ ಜನ ತಲೆಯಾಡಿಸುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು, ಚಪ್ಪಲಿ ಮಾತ್ರ ಕಾಲಿನಲ್ಲೇ ಇರುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿದ್ದು ಗುಣವತಿ. ಹೆಂಡತಿಯಾದವಳು ಹೇಳಬಾರದ್ದನ್ನು ರೊಟ್ಟಿ ಬಡಿಯುತ್ತ ಸಹಜವಾಗಿ ಹೇಳಿಬಿಟ್ಟಿದ್ದಳು: "ನೀವು ಹೇಳಿದ್ರ ತಿಳೀತೈತಿ ರೀ. ಪ್ರಾಣೇಶ ಹೇಳಿದ್ರ ಕಾಣ್ತೈತಿ." ಅಂದು ಪ್ರಾಣೇಶ ಅಲ್ಲೇ ಚಾಪೆಯ ಮೇಲೆ ಕೂತು ಅವಳ ಎಣ್ಣೆಗಾಯಿ ಪಲ್ಯ ಹಾಕಿಸಿಕೊಂಡು ಉಣ್ಣುತ್ತಿದ್ದ. "ವೈನೀ, ಗುರುಗಳ ಮುಂದ ಹಂಗನಬಾರದ್ರಿ" ಎಂದು, ಅತ್ತಿಗೆಯನ್ನು ಕರೆದಂತೆ ಕರೆದು, ನಕ್ಕಿದ್ದ. ಗುಣವತಿಯೂ ನಕ್ಕಿದ್ದಳು. ಅವಳು ಹಾಗೆ ನಕ್ಕದ್ದನ್ನು ಚನ್ನಬಸಪ್ಪ ಎಷ್ಟು ವರ್ಷದಿಂದ ಕೇಳಿರಲಿಲ್ಲವೋ. ತಮ್ಮನಂಥವನು ಎಂದು ಅವನಿಗೂ ಗೊತ್ತಿತ್ತು. ಅನುಮಾನಪಡುವಂಥದ್ದೇನೂ ಇರಲಿಲ್ಲ. ಅನುಮಾನವಿದ್ದರೆ ಜಗಳವಾದರೂ ತೆಗೆಯಬಹುದಿತ್ತು. ಇದು ಬರಿಯ ಹೊಟ್ಟೆಕಿಚ್ಚು, ಜಗಳಕ್ಕೂ ಬರುವುದಿಲ್ಲ.

ಹನ್ನೆರಡರ ಸುಮಾರಿಗೆ ಪ್ರಾಣೇಶ ತಾನೇ ಹುಡುಕಿಕೊಂಡು ಬಂದ. ಇಸ್ತ್ರಿಯ ಬಿಳಿ ಅಂಗಿ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಚನ್ನಬಸಪ್ಪ ಆಗ ನಟರಾಜನ ಹತ್ತಿರ ನಿಂತು ಪೀಠದ ಮೇಲಿನ ಇಲ್ಲದ ಧೂಳನ್ನು ಕರವಸ್ತ್ರದಿಂದ ಒರೆಸುತ್ತಿದ್ದ.

"ಸರ್, ಒಂದು ಸಲ ಎಲ್ಲಾ ನೋಡಿ ಹೇಳ್ರಿ. ನಿಮ್ಮ ಕಣ್ಣಾಗ ಹಾದು ಬಂದರ ನನಗ ಧೈರ್ಯ."

"ನಾ ಏನ ನೋಡೂದೈತಪಾ. ನೀ ಇಟ್ಟಿ ಅಂದಮ್ಯಾಲ ಮುಗೀತು."

"ಹಂಗನಬ್ಯಾಡ್ರಿ. ಆ ಕೂಲಿ ಮಂದಿ ಜೋಡಿ ಎತ್ತಿ ಇಳಿಸಿ, ಇಳಿಸಿ ಎತ್ತಿ ತಲಿ ಗಿರ್ ಅಂತದ. ನಿನ್ನೆ ಸಂಜೀಕ ನನಗ ಎಡಾ ಯಾವುದು ಬಲಾ ಯಾವುದು ಅನ್ನೂದ ತಿಳೀಲಾರದಂಗ ಆಗಿತ್ತು. ಯಮುನಾಬಾಯಿ ಬರ್ತಾರಂತ, ಅದಕ್ಕ ಹೆದರಿಕಿ."

ಯಮುನಾಬಾಯಿಯವರು ಯೂನಿವರ್ಸಿಟಿಯಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿ ನಿವೃತ್ತರಾದವರು. ಈ ಊರಿನಲ್ಲಿ ಕಂಚಿನ ವಿಗ್ರಹದ ಬಗ್ಗೆ ಕೊನೆಯ ಮಾತು ಅವರದೇ. ಅವರ ಹೆಸರು ಕೇಳಿದಾಗ ಚನ್ನಬಸಪ್ಪ ಒರೆಸುವುದನ್ನು ಬಿಟ್ಟು ಕರವಸ್ತ್ರ ಮಡಿಚಿದ. ಎಡ ಬಲ ಎಂಬ ಮಾತನ್ನು ಹುಡುಗ ತಾನಾಗಿ ತಾನೇ ತಂದು ಅವನ ಕೈಯಲ್ಲಿಟ್ಟಿದ್ದ. ಒಂದು ಮಾತು ಸಾಕಿತ್ತು. ಇಬ್ಬರು ಕೂಲಿಗಳು, ಅರ್ಧ ಗಂಟೆ, ದೇವಿಯರು ತಮ್ಮ ತಮ್ಮ ಜಾಗಕ್ಕೆ ಹೋಗುತ್ತಿದ್ದರು. ಅವನು ನಿಧಾನವಾಗಿ ಹಾಲಿನ ಆ ತುದಿಯಿಂದ ಈ ತುದಿಯವರೆಗೆ ನಡೆದ, ಪ್ರಾಣೇಶ ಹಿಂದೆಯೇ ಬಂದ. ವಿಷ್ಣುವಿನ ಮುಂದೆ ಚನ್ನಬಸಪ್ಪ ನಿಂತ, ಬೇಕೆಂದೇ ನಿಂತ, ಹೆಚ್ಚು ಹೊತ್ತು ನಿಂತ. ತಾನು ಸುಳ್ಳು ಹೇಳಬಲ್ಲೆನೋ ಇಲ್ಲವೋ ಎಂಬ ಕುತೂಹಲ ಅವನಿಗೇ ಇತ್ತು.

"ಎಲ್ಲಾ ಸರಿ ಐತಿ" ಎಂದ.

ಪ್ರಾಣೇಶ ಬಗ್ಗಿ ಅವನ ಕಾಲು ಮುಟ್ಟಿದ. ಮಾಧ್ವರ ಹುಡುಗ, ಕುರ್ಚಿ ಜೋಡಿಸುತ್ತಿದ್ದವರ ಎದುರು ಲಿಂಗವಂತನ ಕಾಲು. ಚನ್ನಬಸಪ್ಪನಿಗೆ ಪಾದ ಹಿಂದಕ್ಕೆಳೆದುಕೊಳ್ಳಬೇಕೆನಿಸಿತು, ಎಳೆದುಕೊಳ್ಳಲಿಲ್ಲ. "ಛಲೋ ಆಗ್ಲಿ" ಎಂಬ ಮಾತು ಬಾಯಿಗೆ ರೂಢಿಯಿಂದ ಬಂತು.

ಅಲ್ಲಿ ನಿಲ್ಲಲಾರದೆ ಹೊರಗೆ ನಡೆದ. ಬಿಸಿಲು ಚುರುಚುರು ಎನ್ನುತ್ತಿತ್ತು. ಅಬಿಡ್ಸಿನವರೆಗೆ ನಡೆದು, ಪೋಸ್ಟಾಫೀಸಿನ ಎದುರು ಫುಟ್‌ಪಾತಿನ ಪುಸ್ತಕಗಳ ಮುಂದೆ ನಿಂತ, ಒಂದನ್ನೂ ನೋಡಲಿಲ್ಲ. ಇರಾನಿ ಹೋಟೆಲಿನಲ್ಲಿ ಚಾ ತರಿಸಿಕೊಂಡ. ಕೂತಲ್ಲಿ ಅವನೊಳಗೆ ಒಂದು ವಾದ ನಡೆಯಿತು. ನಾನೇನು ತಪ್ಪು ಮಾಡಿದೆ, ಇಟ್ಟವನು ನಾನಲ್ಲ. ನನ್ನನ್ನು ಸಲಹೆಗೆ ಕರೆದಿದ್ದರೇ ಮೂರು ತಿಂಗಳಲ್ಲಿ? ನಕ್ಷೆ ತೋರಿಸಿದ್ದರೇ? ಗುರುವಿಗೇ ತಿರುಮಂತ್ರ ಹಾಕಿದವರು ತಾವೇ ಉಣ್ಣಲಿ. ಹೀಗೆಲ್ಲ ವಾದಿಸುತ್ತಿದ್ದವನಿಗೆ ಎದುರಿನ ಕನ್ನಡಿಯಲ್ಲಿ ತನ್ನ ಮುಖ ಕಂಡಿತು, ತುಟಿಗಳು ಒಂದೇ ಸಮನೆ ಆಡುತ್ತಿದ್ದವು. ನಟರಾಜನ ಪಾದದಡಿ ಬಿದ್ದಿರುವ ಕುಬ್ಜನ ವಿಷಯ ಅವನು ಮಕ್ಕಳಿಗೆ ಹೇಳುತ್ತಿದ್ದುದುಂಟು. ಅವನ ಹೆಸರು ಅಪಸ್ಮಾರ, ಅಂದರೆ ಮರೆವು, ತಾನು ಯಾರೆಂಬುದನ್ನು ಮರೆಸುವವನು. ದೇವರು ಅವನನ್ನು ಕೊಲ್ಲುವುದಿಲ್ಲ, ಬರೀ ತುಳಿದು ಹಿಡಿದಿರುತ್ತಾನೆ, ಏಕೆಂದರೆ ಅವನಿಗೆ ಸಾವಿಲ್ಲ. ಮಕ್ಕಳು ಕೇಳುತ್ತಿದ್ದರು, ದೇವರಿಗೆ ಕಾಲು ನೋಯುವುದಿಲ್ಲವೇ ಸರ್ ಎಂದು. ಚಾ ಆರಿಹೋಯಿತು. ಇಷ್ಟು ಸಣ್ಣವನೇ ನಾನು ಎಂದು ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಗಡಿಯಾರದಲ್ಲಿ ಎರಡೂವರೆ. ಹೋಗಿ ಹೇಳಿಬಿಡುತ್ತೇನೆ, ಈಗ ಕಣ್ಣಿಗೆ ಬಿತ್ತು ಎನ್ನುತ್ತೇನೆ, ಇನ್ನೂ ಹೊತ್ತಿದೆ ಎಂದು ಎದ್ದ. ಎದ್ದ ಮೇಲೆ ಹೆಜ್ಜೆ ಹಗುರಾಯಿತು. ಎಷ್ಟೋ ದಿನದ ಮೇಲೆ ತನ್ನ ಬಗ್ಗೆ ತನಗೆ ಒಂದು ಒಳ್ಳೆಯ ಅಭಿಪ್ರಾಯ ಬಂದಿತ್ತು.

ಮ್ಯೂಸಿಯಮ್ಮಿನ ಗೇಟಿನ ಬಳಿ ಆಟೋದಿಂದ ಗುಣವತಿ ಇಳಿಯುತ್ತಿದ್ದಳು. ಬರುವೆನೆಂದು ಅವನಿಗೆ ಹೇಳಿರಲಿಲ್ಲ. ತಂಗಿಯ ಮಗಳ ಮದುವೆಯಲ್ಲಿ ಉಟ್ಟಿದ್ದ ಇಳಕಲ್ ಸೀರೆ, ತಲೆಯಲ್ಲಿ ಮಲ್ಲಿಗೆ. ಅವನ ಇಪ್ಪತ್ತೆರಡು ವರ್ಷದ ಭಾನುವಾರಗಳಲ್ಲಿ ಅವಳು ಬಂದದ್ದು ಎರಡೇ ಸಲ, ಒಮ್ಮೆ ಅರ್ಧದಲ್ಲಿ ಹೋಗಿದ್ದಳು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು. ಪ್ರಾಣೇಶ ಓಡಿ ಹೋಗಿ ಅವಳ ಕೈಯಿಂದ ಸ್ಟೀಲ್ ಡಬ್ಬಿ ಇಸಿದುಕೊಂಡ. ಅವಳೇನೋ ಅಂದಳು, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ದೂರಕ್ಕೆ ಮಾತು ಕೇಳಿಸಲಿಲ್ಲ. ಚನ್ನಬಸಪ್ಪ ಬೇವಿನ ಮರದ ಹಿಂದೆ ಸರಿದು ನಿಂತ, ಇಬ್ಬರೂ ಒಳಗೆ ಹೋಗುವ ತನಕ. ಹೇಳಬೇಕೆಂದು ತಂದಿದ್ದ ಮಾತನ್ನು ಆ ಮರದ ಬುಡದಲ್ಲೇ ಬಿಟ್ಟು ಒಳಗೆ ನಡೆದ.

ಮೂರೂಮುಕ್ಕಾಲಿಗೆ ರಾಮಕೃಷ್ಣ ಅವನ ಕೈಗೆ ಒಂದು ಟಾರ್ಚು ಕೊಟ್ಟರು, ಅವನ ಊರಿನ ಮಾತಿನಲ್ಲಿ ಬ್ಯಾಟರಿ. ಹೊಸ ದೀಪಗಳು ಇನ್ನೂ ಬಂದಿಲ್ಲ, ಕಿಟಕಿಗೆ ಪರದೆ ಹಾಕಿದರೆ ವಿಗ್ರಹದ ಸಣ್ಣ ಕೆಲಸ ಕಾಣುವುದಿಲ್ಲ, ಪ್ರಾಣೇಶ ಯಾವುದರ ಬಗ್ಗೆ ಹೇಳುತ್ತಾನೋ ಅಲ್ಲಿ ಬೆಳಕು ಹಿಡಿಯಬೇಕು. "ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಲ್ಲಿ ಹಿಡಿಯಬೇಕೆಂದು" ಎಂದು ತೆಲುಗಿನಲ್ಲಿ ಹೊಗಳಿಯೇ ಕೊಟ್ಟರು. ಐವತ್ತನಾಲ್ಕು ವರ್ಷದ ಮನುಷ್ಯ, ತಾನು ತಿದ್ದಿದ ಹುಡುಗನಿಗೆ ಮದುವೆ ಮೆರವಣಿಗೆಯ ದೀಪದವನಂತೆ ಬೆಳಕು ಹಿಡಿಯಬೇಕು. ಚನ್ನಬಸಪ್ಪ ಟಾರ್ಚನ್ನು ಒತ್ತಿ ನೋಡಿದ, ಆರಿಸಿದ, ಮತ್ತೆ ಒತ್ತಿದ. ನೂರಕ್ಕೂ ಹೆಚ್ಚು ಜನ ಸೇರಿದ್ದರು. ಮುಂದಿನ ಕುರ್ಚಿಯಲ್ಲಿ ಯಮುನಾಬಾಯಿ, ಬೆಳ್ಳಗಿನ ಸೀರೆ, ಮೊಣಕಾಲ ಮೇಲೆ ಕೋಲು. ಅವರ ಹಿಂದಿನ ಸಾಲಿನಲ್ಲಿ ಗುಣವತಿ.

ಪ್ರಾಣೇಶ ನಟರಾಜನಿಂದ ಶುರು ಮಾಡಿದ, ಡಮರುವಿನ ಕೈಯಲ್ಲಿ ಹುಟ್ಟು, ಬೆಂಕಿಯ ಕೈಯಲ್ಲಿ ಲಯ, ಹೆದರಬೇಡ ಎನ್ನುವ ಕೈ, ಎತ್ತಿದ ಪಾದ ತೋರಿಸುವ ಕೈ. ಇದೆಲ್ಲ ಚನ್ನಬಸಪ್ಪನದೇ ಪಾಠ, ಸಾವಿರ ಸಲ ಹೇಳಿದ್ದು. ಬೆಳಕು ಆ ಕೈಯಿಂದ ಈ ಕೈಗೆ ತಾನಾಗಿ ಹೋಗುತ್ತಿತ್ತು, ಪ್ರಾಣೇಶ ಬಾಯಿ ತೆರೆಯುವುದಕ್ಕೂ ಅರೆಕ್ಷಣ ಮೊದಲೇ. ಕದ್ದ ಮಾತು ಎಂದು ಒಳಗೊಳಗೇ ಒಂದು ಸಮಾಧಾನವಿತ್ತು. ಆಮೇಲೆ ಪ್ರಾಣೇಶ ಪಾರ್ವತಿಯ ಮುಂದೆ ನಿಂತ. ಪಾರ್ವತಿಯ ಬಲಗೈ ಹೂ ಹಿಡಿಯಲು ಮಡಿಸಿದ್ದು, ಆದರೆ ಹೂವಿಲ್ಲ. ಅಚ್ಚು ಹೊಯ್ಯುವಾಗಲೇ ಬರಿದು ಬಿಟ್ಟ ಕೈ, ದಿನವೂ ಬೆಳಿಗ್ಗೆ ಪೂಜೆಯವರು ತಾಜಾ ಹೂ ಸಿಕ್ಕಿಸಲೆಂದು. ಇಷ್ಟನ್ನು ಚನ್ನಬಸಪ್ಪನೂ ಹೇಳುತ್ತಿದ್ದ. ಪ್ರಾಣೇಶ ಅಲ್ಲಿಗೇ ನಿಲ್ಲಲಿಲ್ಲ. ನೆಲದೊಳಗೆ ಹೂತು ನೂರಾರು ವರ್ಷ, ಮ್ಯೂಸಿಯಮ್ಮಿನಲ್ಲಿ ಐವತ್ತು ವರ್ಷ, ಈ ಕೈಗೆ ಯಾರೂ ಹೂ ಕೊಟ್ಟಿಲ್ಲ, ಆದರೂ ಬೆರಳು ಮಡಿಸಿಯೇ ಇದ್ದಾಳೆ ನೋಡಿ ಎಂದ. ಇದನ್ನು ಖಾಲಿ ಕೈ ಎನ್ನಬೇಡಿ, ಕೊಡುವವರು ಬರುತ್ತಾರೆಂದು ನಂಬಿದ ಕೈ ಎನ್ನಿ ಎಂದ. ಯಾರೋ ಹೆಂಗಸು ಮೂಗೊರೆಸಿಕೊಂಡ ಸದ್ದು ಕೇಳಿತು, ಚನ್ನಬಸಪ್ಪ ತಿರುಗಿ ನೋಡಿದರೆ ಗುಣವತಿ. ಇಪ್ಪತ್ತೆರಡು ವರ್ಷ ಆ ಕೈಯನ್ನು ದಿನಾ ನೋಡಿದವನು ಅವನು, ಅದರ ಉಗುರು ಎಷ್ಟು ಸವೆದಿದೆ ಎಂದು ಬಲ್ಲವನು. ಈ ಮಾತು ಅವನಿಗೆ ಹೊಳೆದಿರಲಿಲ್ಲ. ಕದ್ದದ್ದಾಗಿದ್ದರೆ ತಾಳಿಕೊಳ್ಳುತ್ತಿದ್ದ. ಇದು ಹುಡುಗನದೇ ಸ್ವಂತದ್ದು, ಮತ್ತು ಚೆನ್ನಾಗಿತ್ತು. ಅಷ್ಟು ಹೊತ್ತು ಹೊಗೆಯಾಡುತ್ತಿದ್ದದ್ದು ಆಗ ಭಗ್ಗೆಂದು ಹತ್ತಿಕೊಂಡಿತು.

ವಿಷ್ಣುವಿನ ಮುಂದೆ ಬಂದಾಗ ಪ್ರಾಣೇಶ ಚಕ್ರ ಶಂಖಗಳ ವಿಷಯ ಹೇಳುತ್ತಿದ್ದ. ಬೆಳಕು ಚಕ್ರದ ಮೇಲಿರಬೇಕಿತ್ತು. ಚನ್ನಬಸಪ್ಪ ಅದನ್ನು ಮೆಲ್ಲಗೆ ಕೆಳಗಿಳಿಸಿ, ಪಕ್ಕಕ್ಕೆ ಸರಿಸಿ, ಶ್ರೀದೇವಿಯ ಎದೆಯ ಪಟ್ಟಿಯ ಮೇಲೆ ನಿಲ್ಲಿಸಿದ. ಒಂದು, ಎರಡು, ಮೂರು ಉಸಿರಿನಷ್ಟು. ಆಮೇಲೆ ಆಚೆ ಒಯ್ದು ಭೂದೇವಿಯ ಬರಿಯ ಎದೆಯ ಮೇಲೆ. ಮತ್ತೆ ಪಟ್ಟಿಯ ಮೇಲೆ. ಕೈ ಒಂದಿಷ್ಟೂ ಅಲುಗಲಿಲ್ಲ. ಯಮುನಾಬಾಯಿ ಮುಂದಕ್ಕೆ ಬಾಗಿ ಕೋಲಿನ ಮೇಲೆ ಗಲ್ಲವಿಟ್ಟದ್ದನ್ನು ಅವನು ನೋಡಿದ.

ಚಪ್ಪಾಳೆ ನಿಂತ ಮೇಲೆ ಅವರು ಕೂತಲ್ಲಿಂದಲೇ ಕೇಳಿದರು, ಮೆತ್ತಗೆ, ಕನ್ನಡದಲ್ಲಿ. "ಭಾಳ ಛಂದ ಹೇಳಿದಿ ಪ್ರಾಣೇಶ. ಒಂದು ಮಾತು. ನಿಮ್ಮ ಶ್ರೀದೇವಿ ಯಾವ ಕಡೆ ನಿಂತಾಳ?"

ಪ್ರಾಣೇಶ ತಿರುಗಿದ. ನೋಡಿದ. ಅವನ ಕಿವಿಗಳು ಬಿಳಿಚಿಕೊಂಡದ್ದು ಚನ್ನಬಸಪ್ಪನಿಗೆ ಅಷ್ಟು ದೂರದಿಂದಲೂ ಸ್ಪಷ್ಟವಾಗಿ ಕಂಡಿತು, ಅದನ್ನು ನೋಡುವ ಸುಖವೂ ಆಯಿತು, ಸುಳ್ಳೇಕೆ. ಈಗ ಹೇಳುತ್ತಾನೆ ಎಂದುಕೊಂಡ. ಗುರುಗಳಿಗೆ ತೋರಿಸಿದ್ದೆ, ಸರಿಯಿದೆ ಅಂದರು, ಎಂದು ಹೇಳಿಯೇ ಹೇಳುತ್ತಾನೆ. ಹೇಳಿದರೆ ಏನು ಮಾಡುವುದೆಂದು ಅವನು ಯೋಚಿಸಿಯೇ ಇರಲಿಲ್ಲ. ಟಾರ್ಚನ್ನು ಆರಿಸಿದ.

"ತಪ್ಪಾಗ್ಯದ್ರಿ" ಎಂದ ಪ್ರಾಣೇಶ. ಆಮೇಲೆ ಜನರ ಕಡೆ ತಿರುಗಿ ಹಿಂದಿಯಲ್ಲಿ, ತೆಲುಗಿನಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಿದ. ಇಬ್ಬರು ದೇವಿಯರನ್ನೂ ಅದಲುಬದಲಾಗಿ ನಿಲ್ಲಿಸಿದ್ದೇನೆ. ಏಳು ವರ್ಷದ ಕೆಳಗೆ ಇದೇ ಜಾಗದಲ್ಲಿ ನಮ್ಮ ಚನ್ನಬಸಪ್ಪ ಸರ್ ನನಗೆ ಕಲಿಸಿದ ಮೊದಲ ಪಾಠ ಇದು, ಇಲ್ಲಿರುವುದು ದೇವರ ಎಡಬಲ, ನೋಡುವವರದಲ್ಲ ಎಂದು. ನಾನು ನನ್ನ ಕಡೆಯಿಂದ ನೋಡಿಬಿಟ್ಟೆ. ಅವರ ಹೆಸರು ಕೆಡಿಸಿದೆ. ಹೀಗೆಂದು ಚನ್ನಬಸಪ್ಪ ನಿಂತಿದ್ದ ಕಡೆಗೆ ಕೈಮುಗಿದ. ಮೊದಲಿಗಿಂತ ದೊಡ್ಡ ಚಪ್ಪಾಳೆ ಬಿತ್ತು, ಎಲ್ಲರೂ ತಿರುಗಿ ಚನ್ನಬಸಪ್ಪನನ್ನು ನೋಡಿದರು, ಹಿರಿಯರೊಬ್ಬರು ಎದ್ದು ಅವನ ಭುಜ ತಟ್ಟಿದರು. ತಪ್ಪು ಮಾಡಿಯೂ ಗೆದ್ದನಲ್ಲ ಇವನು ಎಂದು ಚನ್ನಬಸಪ್ಪ ಹಲ್ಲು ಕಚ್ಚಿದ.

ಯಮುನಾಬಾಯಿ ಚಪ್ಪಾಳೆ ತಟ್ಟಿರಲಿಲ್ಲ. ಕೋಲೂರಿ ಎದ್ದು, ನಿಧಾನವಾಗಿ ಅವನ ಹತ್ತಿರ ಬಂದರು.

"ಚನ್ನಬಸಪ್ಪನವರ, ನೀವು ಮುಂಜಾನಿಂದ ಇಲ್ಲೇ ಇದ್ದಿರಂತ. ನಿಮ್ಮ ಕಣ್ಣಿಗೆ ಬೀಳಲಿಲ್ಲೇನು?"

"ಬಾಯಾರ..."

"ಬ್ಯಾಟರಿ ನಿಮ್ಮ ಕೈಯಾಗಿತ್ತು. ಬೆಳಕು ಅಕೀ ಎದಿ ಪಟ್ಟಿ ಮ್ಯಾಲೇ ನಿಂತಿತ್ತು. ಅದಕ್ಕ ಕೇಳಿದೆ."

ಮುಖದಲ್ಲಿ ಸಿಟ್ಟಿರಲಿಲ್ಲ, ಪರೀಕ್ಷೆಯ ಹಾಲಿನಲ್ಲಿ ಚೀಟಿ ಹಿಡಿದ ಮೇಷ್ಟರ ಶಾಂತತೆ ಇತ್ತು. ರಾಮಕೃಷ್ಣ ಬಂದು ನಿಂತರು. ಪ್ರಾಣೇಶ ಬಂದ. ಗುಣವತಿ ಅವರ ಹಿಂದೆ. ನೋಡಿದ್ದೆ ಎಂದರೆ, ಏಕೆ ಹೇಳಲಿಲ್ಲ ಎನ್ನುತ್ತಾರೆ. ಏಕೆ ಹೇಳಲಿಲ್ಲ ಎಂಬುದಕ್ಕೆ ಲೋಕದಲ್ಲಿ ಒಂದೇ ಒಂದು ಉತ್ತರ, ಅದು ಎಲ್ಲರ ಮುಂದೆ, ಹೆಂಡತಿಯ ಮುಂದೆ, ಈ ಹುಡುಗನ ಮುಂದೆ ಬೆತ್ತಲೆ ನಿಂತಂತೆ. ಮರೆತೆ ಎನ್ನಲೇ? ಸಾವಿರ ಸಲ ಹೇಳಿದ ಪಾಠವನ್ನು?

"ಕಾಣಲಿಲ್ರಿ ಬಾಯಾರ" ಎಂದ. ತನ್ನ ದನಿ ತನಗೇ ಹೊಸದಾಗಿ ಕೇಳಿತು. "ಕಣ್ಣು ಮೊದಲಿನಂಗ ಇಲ್ರಿ. ವರ್ಷಾತು. ಮಬ್ಬು ಮಬ್ಬು ಆಕ್ಕೈತಿ. ಬ್ಯಾಟರಿ ಎತ್ತ ಬಿತ್ತೋ ನನಗ ತಿಳೀಲಿಲ್ಲ."

ಗುಣವತಿ ಅವನನ್ನು ದಿಟ್ಟಿಸಿದಳು. ನಿನ್ನೆ ಸಂಜೆ ದೀಪ ಹಚ್ಚುವ ಮೊದಲಿನ ನಸುಗತ್ತಲೆಯಲ್ಲಿ, ಅವಳಿಂದ ಆಗದೆ, ಅವಳ ಹೊಲಿಗೆಯ ಸಣ್ಣ ಸೂಜಿಗೆ ದಾರ ಪೋಣಿಸಿಕೊಟ್ಟವನು ಅವನೇ. ಅವಳ ಕಣ್ಣು ಒಮ್ಮೆ ಶ್ರೀದೇವಿಯ ಕಡೆ ಹೋಯಿತು, ಅಲ್ಲಿಂದ ಪ್ರಾಣೇಶನ ಕಡೆ, ಅಲ್ಲಿಂದ ಮತ್ತೆ ಗಂಡನ ಕಡೆ. ಅಷ್ಟರಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು ಎಂಬುದು ಅವನಿಗೆ ಅರ್ಥವಾಯಿತು. ಅವಳು ಬಾಯಿ ತೆರೆದರೆ ಮುಗಿಯಿತು. ಅವಳು ತೆರೆಯಲಿಲ್ಲ.

"ಅಯ್ಯೋ, ಮುಂದೇ ಚೆಪ್ಪಾಲಿ ಕದಂಡೀ" ಎಂದರು ರಾಮಕೃಷ್ಣ, ಮೊದಲೇ ಹೇಳಬಾರದಿತ್ತೇ ಎಂದು. ಅವರ ದನಿಯಲ್ಲಿ ಮರುಕವಿತ್ತು, ಮರುಕದ ಕೆಳಗೆ ಒಂದು ನಿರಾಳವೂ ಇತ್ತು, ವಾರದಿಂದ ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದ ಮಾತಿಗೆ ದಾರಿ ಸಿಕ್ಕಿದವರ ನಿರಾಳ. ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ನೀವು ಮೆಟ್ಟಿಲು ಹತ್ತುವ ಕಷ್ಟವೇ ಬೇಡ, ನಾಳೆಯಿಂದ ಕೆಳಗೆ ಬಾಗಿಲಿನ ಹತ್ತಿರ ಕುರ್ಚಿ ಹಾಕಿಸುತ್ತೇನೆ, ಬಂದವರಿಗೆ ದಾರಿ ಹೇಳಿದರೆ ಸಾಕು, ಭಾನುವಾರದ ಮಾತನ್ನು ಪ್ರಾಣೇಶ ನೋಡಿಕೊಳ್ಳುತ್ತಾನೆ ಎಂದರು. ಬೇಡ ಎನ್ನಬೇಕಾದರೆ ಚನ್ನಬಸಪ್ಪ ಕಣ್ಣು ಸರಿಯಿದೆ ಎನ್ನಬೇಕು. ಕಾಣ್ತೈತ್ರಿ, ಎಲ್ಲಾ ಕಾಣ್ತೈತಿ, ಎಂದರೆ ಮುಗಿಯಿತು. ಯಮುನಾಬಾಯಿ ಅವನನ್ನು ಇನ್ನಷ್ಟು ಹೊತ್ತು ನೋಡಿ, "ಔಷಧ ಹಾಕಿಸಿಕೋರಿ" ಎಂದಷ್ಟೇ ಹೇಳಿ ಕೋಲೂರುತ್ತ ಹೋದರು.

ಪ್ರಾಣೇಶನ ಕಣ್ಣು ತುಂಬಿದ್ದವು. "ತಪ್ಪಾತ್ರಿ ಸರ್. ನಿಮ್ಮ ಕಣ್ಣು ಹೀಂಗಾಗ್ಯಾವಂತ ಗೊತ್ತಿದ್ದರ ಮಧ್ಯಾಹ್ನ ನಾ ನಿಮಗ ನೋಡ್ರಿ ಅಂತ ಯಾಕ ಕೇಳತಿದ್ದೆ. ನಿಮಗೆಷ್ಟು ತ್ರಾಸಾಗಿರಬೇಕು." ಅವನು ನಂಬಿದ್ದ. ಎಳ್ಳಷ್ಟೂ ಅನುಮಾನವಿಲ್ಲದೆ ನಂಬಿದ್ದ. ಚನ್ನಬಸಪ್ಪನಿಗೆ ಅವನ ಮೇಲೆ ಅಷ್ಟು ದ್ವೇಷ ಹಿಂದೆಂದೂ ಬಂದಿರಲಿಲ್ಲ. ಹುಡುಗ ಮುಂದೆ ಬಂದು ಅವನ ಕೈ ಹಿಡಿದುಕೊಂಡ, ತನ್ನ ಹೆಗಲ ಮೇಲೆ ಇಟ್ಟುಕೊಂಡ, "ಬರ್ರಿ, ಕೆಳಗ ಬಿಟ್ಟು ಬರ್ತೀನಿ" ಎಂದ. ಜನ ದಾರಿ ಬಿಟ್ಟರು. ಇನ್ನೊಂದು ಪಕ್ಕಕ್ಕೆ ಗುಣವತಿ ಬಂದು ಮೊಣಕೈ ಹಿಡಿದಳು. ಮೂವರೂ ಹಾಲು ದಾಟಿ ಮೆಟ್ಟಿಲ ಕಡೆ ನಡೆದರು, ನಡುವೆ ಅವನು, ಎಡಕ್ಕೊಬ್ಬರು ಬಲಕ್ಕೊಬ್ಬರು.

ಮೆಟ್ಟಿಲ ತುದಿಯಿಂದ ಅವನಿಗೆ ಎಲ್ಲವೂ ಕಂಡಿತು. ಪ್ರಾಣೇಶನ ಕಾಲರಿನ ಹಿಂದೆ ಕಿತ್ತುಬಂದ ಒಂದು ಎಳೆ, ಗೋಡೆಯ ಹೊಸ ಬಣ್ಣದಲ್ಲಿ ಸಿಕ್ಕಿಬಿದ್ದು ಒಣಗಿದ ಸೊಳ್ಳೆ, ಕೆಳಗೆ ಬಾಗಿಲಿನ ಹತ್ತಿರ ಗೋಡೆಗೆ ಒರಗಿಸಿದ್ದ ಒಂದು ಖಾಲಿ ಕುರ್ಚಿ, ಆ ಕುರ್ಚಿಯ ಬೆತ್ತದಲ್ಲಿದ್ದ ಅಂಗೈಯಗಲದ ತೂತು. ಗುಣವತಿ ಅವನ ಕಿವಿಯ ಹತ್ತಿರ ಬಾಗಿದಳು. ಬೈಯುತ್ತಾಳೆಂದುಕೊಂಡ, ಬೈದರೆ ಬದುಕಿಕೊಳ್ಳುತ್ತೇನೆ ಎಂದುಕೊಂಡ.

"ಮೆಟ್ಟಿಲ ಬಂದ್ವು ನೋಡ್ರಿ" ಎಂದಳು ಅವಳು, ಎಲ್ಲರಿಗೂ ಕೇಳುವಂತೆ, ಕುರುಡರ ಜೊತೆ ಮಾತಾಡುವ ದನಿಯಲ್ಲಿ. "ಒಂದೊಂದ ಹೇಳ್ತೀನಿ, ಸಾವಕಾಶ ಇಳೀರಿ. ಹಾಂ, ಇದು ಮೊದಲನೇದು."

ಚನ್ನಬಸಪ್ಪ ಕಾಲು ಚಾಚಿ, ಕಣ್ಣೆದುರಿಗಿದ್ದ ಮೆಟ್ಟಿಲನ್ನು ಪಾದದಿಂದ ತಡಕಾಡಿ ಹುಡುಕಿದ.